ಹಸಿ ಮಾಲು ಅಂದೆ

ಬೆಟ್ಟ ಹತ್ತಬೇಕು ಎಂದು ಆಸೆಪಡುವ ನನ್ನ ವಯಸ್ಸಿನವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹೊಸ ಶೂ ಹಾಕಿಕೊಂಡು ಹೋಗಬೇಡಿ. ಅಂಗಡಿಯವನು ಏನೇ ಹೇಳಲಿ, ಮನೆಯ ಹತ್ತಿರ ಒಂದಷ್ಟು ದಿನ ಹಾಕಿಕೊಂಡು ಓಡಾಡಿ, ಹಿಮ್ಮಡಿ ಒಪ್ಪಿದ ಮೇಲೆ ಬೆಟ್ಟಕ್ಕೆ ತನ್ನಿ. ಎರಡನೆಯದು, ಊರುಗೋಲಿಗೆ ದುಡ್ಡು ಹಾಕಬೇಡಿ. ಟೀ ತೋಟ ಸವರಿದ ಕಡೆ ಒಳ್ಳೊಳ್ಳೆಯ ಕೋಲು ಬಿದ್ದಿರುತ್ತವೆ, ತೋಟದವರನ್ನು ಕೇಳಿದರೆ ನಗುತ್ತಾ ಕೊಡುತ್ತಾರೆ. ಮೂರನೆಯ ಮಾತೊಂದಿದೆ. ಅದನ್ನು ಕಲಿಯುವುದಕ್ಕೆ ನಾನು ನೀಲಗಿರಿಯಲ್ಲಿ ಒಂದೇ ಹೊಲಕ್ಕೆ ಎರಡು ಸಲ ಹೋಗಬೇಕಾಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಬೆಂಗಳೂರಿನ ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ಬೆಳ್ಳುಳ್ಳಿ ವ್ಯಾಪಾರಿ. ಹುಡುಗನಾಗಿದ್ದಾಗ ಅಲ್ಲೇ ಗೋಣಿಚೀಲ ಹೊಲಿಯುತ್ತಿದ್ದೆ. ಆಮೇಲೆ ನೆಲಕ್ಕೆ ಚೆಲ್ಲಿದ ಎಸಳುಗಳನ್ನು ಆಯ್ದು ಆರ್.ಟಿ. ನಗರದ ಹೋಟೆಲುಗಳಿಗೆ ಮಾರಿದೆ, ಆಮೇಲೆ ಒಂದು ಮೂಲೆ, ಆಮೇಲೆ ಒಂದು ಮಳಿಗೆ. ನಮ್ಮ ಮನೆ ಮಾತು ದಖನಿ ಉರ್ದು, ಯಾರ್ಡಿನ ಮಾತು ಕನ್ನಡ, ಲಾರಿಯವರ ಜೊತೆ ತಮಿಳು, ಮಧ್ಯಪ್ರದೇಶದಿಂದ ಮಾಲು ಕಳಿಸುವವರ ಜೊತೆ ಫೋನಿನಲ್ಲಿ ಹಿಂದಿ. ಭಾಷೆ ಯಾವುದಾದರೂ ಕೊಳ್ಳುವಾಗಿನ ನನ್ನ ಮಾತು ಒಂದೇ. ರೈತ ಚೀಲ ಬಿಚ್ಚಿದ ತಕ್ಷಣ ಒಂದು ಗಡ್ಡೆ ಎತ್ತಿಕೊಂಡು, ಹೆಬ್ಬೆರಳಲ್ಲಿ ಅದರ ಕತ್ತು ಒತ್ತಿ, ಮುಖ ಸಿಂಡರಿಸಿ, "ಹಸಿ ಮಾಲು" ಅನ್ನಬೇಕು. ಒಣಗಿಲ್ಲ, ನಾಳೆ ತೂಕ ಬೀಳುತ್ತದೆ, ಅಷ್ಟು ಕೊಡೋಕಾಗಲ್ಲ ಎಂಬುದೆಲ್ಲ ಆ ಎರಡು ಪದದಲ್ಲೇ ಬಂತು. ರೈತನಿಗೂ ಇದು ಗೊತ್ತು. ಅವನು "ಇದಕ್ಕಿಂತ ಒಣಗಿಸಿದ್ರೆ ಪುಡಿ ಆಗುತ್ತೆ ಸಾಹೇಬ್ರೇ" ಅನ್ನುತ್ತಾನೆ. ಅಲ್ಲಿಂದ ವ್ಯಾಪಾರ ಶುರು. ನಾನು ಅಂದದ್ದನ್ನು ಯಾರ್ಡಿನಲ್ಲಿ ಇವತ್ತಿನವರೆಗೆ ಯಾರೂ ನಂಬಿಲ್ಲ, ನಂಬಲಿ ಅಂತ ನಾನೂ ಅಂದವನಲ್ಲ.

ನನ್ನ ಹೆಂಡತಿಯ ದೂರು ಏನೆಂದರೆ, ಈ ನಾಲಿಗೆಯನ್ನು ನಾನು ಮಳಿಗೆಗೆ ಬೀಗ ಹಾಕುವಾಗ ಅಲ್ಲೇ ಬಿಟ್ಟು ಬರುವುದಿಲ್ಲ ಎಂಬುದು. ಪುಲಾವ್ ತಟ್ಟೆಗೆ ಬಿದ್ದರೆ ಉಪ್ಪು ಒಂದು ಹರಳು ಕಮ್ಮಿ ಅನ್ನುತ್ತೇನಂತೆ. ಸೀರೆ ತೋರಿಸಿದರೆ ಮೊದಲು ಅಂಚಿನ ದಾರ ಎಳೆದು ನೋಡುತ್ತೇನಂತೆ. ಇರಬಹುದು.

ಹೆಬ್ಬಾಳದ ಕೆರೆಯ ಸುತ್ತ ಬೆಳಿಗ್ಗೆ ನಡೆಯುವ ನಮ್ಮದೊಂದು ಸಣ್ಣ ಗುಂಪಿದೆ. ನಾವಿಬ್ಬರು, ಮತ್ತೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಗೆಳೆಯ ಮತ್ತು ಅವನ ಹೆಂಡತಿ. ಕೆರೆ ಸುತ್ತಿದ್ದು ಸಾಕು, ಒಂದು ಸಲ ನಿಜವಾದ ಬೆಟ್ಟದಲ್ಲಿ ನಡೆಯೋಣ ಎಂದು ಹುಚ್ಚು ಹತ್ತಿಸಿದವನು ಅವನೇ. ನೀಲಗಿರಿಯಲ್ಲಿ, ಕೋಟಗಿರಿಯ ಆಚೆ, ಮೆಟ್ಟಿಲು ಹೊಲಗಳ ನಡುವೆ ಊರಿಂದೂರಿಗೆ ನಡೆಯುವ ದಾರಿಗಳಿವೆ, ರಾತ್ರಿ ಉಳಿಯಲು ಮನೆಗಳಿವೆ ಎಂದು ಗೊತ್ತುಮಾಡಿಕೊಂಡು ಬಂದ. ಹೊರಡುವ ಮುಂಚೆ ನನಗೊಂದು ಷರತ್ತು ಹಾಕಿದ. ಅಲ್ಲಿ ಬೆಳ್ಳುಳ್ಳಿ ಬೆಳೆಯುತ್ತಾರೆ, ನೀನು ಮಾತ್ರ ವ್ಯಾಪಾರದ ಸುದ್ದಿ ಎತ್ತಬಾರದು. ನಾನು ಒಪ್ಪಿದೆ. ಒಪ್ಪುವಾಗ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಯುಗಾದಿ ಕಳೆದ ವಾರ ಅದು, ಯಾರ್ಡಿನಲ್ಲಿ ಧಗೆ, ನನಗೂ ತಣ್ಣನೆಯ ಗಾಳಿ ಬೇಕಿತ್ತು.

ಮೊದಲ ದಿನದ ನಡಿಗೆ ಎಂದರೆ ನನಗೆ ಈಗಲೂ ಕಾಲಿನಲ್ಲಿ ನೆನಪಿದೆ. ಕಣಿವೆಯ ತಳದಲ್ಲಿ ಒಂದು ಹಳ್ಳ, ಅದರ ಪಕ್ಕ ಹೆಂಗಸರು ಕ್ಯಾರೆಟ್ ತೊಳೆಯುತ್ತಿದ್ದರು. ಅಲ್ಲಿಂದ ಮೇಲಕ್ಕೆ ನೋಡಿದರೆ ಬೆಟ್ಟದ ಮೈಯೆಲ್ಲ ಅಂಚು ಅಂಚಾಗಿ ಕತ್ತರಿಸಿಟ್ಟ ಹಾಗಿತ್ತು. ಒಂದು ಪಟ್ಟಿ ಕೋಸು, ಅದರ ಮೇಲೆ ಒಂದು ಪಟ್ಟಿ ಆಲೂಗಡ್ಡೆ, ಅದರ ಮೇಲೆ ಆಗ ತಾನೇ ಅಗೆದ ಕೆಂಪು ಮಣ್ಣು, ಎಲ್ಲಕ್ಕಿಂತ ಮೇಲೆ ಟೀ. ಪಟ್ಟಿಗಳ ನಡುವೆ ಕಲ್ಲಿನ ತಡೆ. ಆ ತಡೆಯಲ್ಲೇ ಅಲ್ಲಲ್ಲಿ ಒಂದೊಂದು ಕಲ್ಲು ಮುಂದಕ್ಕೆ ಚಾಚಿಕೊಂಡಿದ್ದು, ಅದೇ ಮೆಟ್ಟಿಲು. ನೋಡುವುದಕ್ಕೆ ಚೆಂದ, ಹತ್ತುವವನಿಗೆ ಉಸಿರು. ನನ್ನ ಹೆಂಡತಿ ಮಾತ್ರ ಸೆರಗು ಸಿಕ್ಕಿಸಿ, ಕೋಲು ಊರಿಕೊಂಡು, ನಮ್ಮೆಲ್ಲರಿಗಿಂತ ಮುಂದೆ ಹೋದಳು. ಆರ್.ಟಿ. ನಗರದ ನಮ್ಮ ಮನೆ ಇರುವುದು ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ. ನಾನು ಇಷ್ಟು ವರ್ಷ ಲಿಫ್ಟಿರುವ ಮನೆ ಕೊಳ್ಳದೆ ಇದ್ದದ್ದು ಕೊನೆಗೂ ಒಂದು ಕೆಲಸಕ್ಕೆ ಬಂತು ಅಂದೆ. ಅವಳು ತಿರುಗಿ ನೋಡಲಿಲ್ಲ.

ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಒಂದು ಬೆಳ್ಳುಳ್ಳಿ ಪಟ್ಟಿಯ ಹತ್ತಿರ ಬಂದೆವು. ಬಿಳಿ ಬಟ್ಟೆ ಉಟ್ಟು, ತಲೆಗೂ ಬಿಳಿ ಬಟ್ಟೆ ಕಟ್ಟಿದ್ದ ಒಬ್ಬ ಹಿರಿಯ ಹೆಂಗಸು ತಡೆಯ ಮೇಲೆ ಕೂತಿದ್ದರು. ಎಪ್ಪತ್ತು ದಾಟಿರಬೇಕು. ಕೈಯಲ್ಲಿ ಆಗಷ್ಟೇ ಕಿತ್ತ ಒಂದು ಗಡ್ಡೆ. ನಾನು ತಮಿಳಿನಲ್ಲಿ ಮಾತು ಶುರು ಮಾಡಿದರೆ ಅವರು ತಮ್ಮ ಬಡಗ ಮಾತಿನಲ್ಲಿ ಉತ್ತರ ಕೊಟ್ಟರು. ನಿಧಾನಕ್ಕೆ ಆಡಿದರೆ ಅದು ನಮ್ಮ ಕನ್ನಡದ ಹತ್ತಿರದ ನೆಂಟ, ಅರ್ಧಕ್ಕರ್ಧ ತಾನಾಗಿ ತಿಳಿಯುತ್ತದೆ. ಅವರಿಗೂ ನನ್ನದು ತಿಳಿಯಿತು. ಅವರ ಮಾತನ್ನು ನನಗೆ ತಿಳಿದ ಹಾಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಬೆಂಗಳೂರಿನವರು ಅಂತ ಕೇಳಿ ಅವರಿಗೆ ಖುಷಿಯಾಯಿತು. ನಾನು ಸುಮ್ಮನಿದ್ದೆ. ನನ್ನ ಗೆಳೆಯನೇ, ಷರತ್ತು ಹಾಕಿದ ಅದೇ ಮಹಾಶಯ, ಇವನು ದೊಡ್ಡ ಬೆಳ್ಳುಳ್ಳಿ ಮಂಡಿಯವನು ಎಂದು ಹೆಮ್ಮೆಯಿಂದ ಹೇಳಿಬಿಟ್ಟ. ಆ ಅಮ್ಮ ತಕ್ಷಣ ಎದ್ದು ಆ ಗಡ್ಡೆಯನ್ನು ನನ್ನ ಕೈಗಿಟ್ಟು, ಹೇಗಿದೆ ಹೇಳು ಅಂದರು.

ಕೈಗೆ ಗಡ್ಡೆ ಬಿತ್ತು. ಹೆಬ್ಬೆರಳು ತಾನಾಗಿ ಕತ್ತಿಗೆ ಹೋಯಿತು, ಮುಖ ತಾನಾಗಿ ಸಿಂಡರಿಸಿತು.

"ಹಸಿ ಮಾಲು," ಅಂದೆ.

ಅವರು ಇನ್ನೇನಾದರೂ ಹೇಳುತ್ತಾರೆ, ನಾನೂ ಏನಾದರೂ ಹೇಳುತ್ತೇನೆ, ಒಂದು ಗಳಿಗೆ ನಗುತ್ತೇವೆ ಅಂದುಕೊಂಡಿದ್ದೆ. ಆದರೆ ಅವರು ಗಡ್ಡೆಯನ್ನು ವಾಪಸ್ ತೆಗೆದುಕೊಂಡು, ಒಂದು ಸಲ ಹೊಲದ ಕಡೆ ನೋಡಿ, ತಲೆ ಆಡಿಸಿದರು. ನಮಗೆಲ್ಲ ಕುಡಿಯಲು ನೀರು ಕೊಟ್ಟರು. ಮೇಲಿನ ಹಟ್ಟಿಯಲ್ಲಿ ಟೀ ಅಂಗಡಿ ಇದೆ, ಊಟ ಅಲ್ಲೇ ಹೇಳಿದರೆ ಮಾಡಿಕೊಡುತ್ತಾರೆ ಎಂದು ದಾರಿ ತೋರಿಸಿದರು. ಹಟ್ಟಿ ಅಂದರೆ ಅಲ್ಲಿ ಊರು. ನಾವು ಹತ್ತಿದೆವು.

ಹಟ್ಟಿಯ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ಸಾಲಾಗಿ ನಿಂತಿದ್ದವು. ಮುಂದೆ ಗುಡಿಸಿದ ಅಂಗಳ, ಅಂಗಳದ ಅಂಚಿನಲ್ಲಿ ಕಣಿವೆ. ಟೀ ಅಂಗಡಿಯ ಬೆಂಚಿನಲ್ಲಿ ಕೂತು ಶೂ ಸಡಿಲಿಸಿದಾಗ, ಇಲ್ಲೇ ಒಂದು ಮಳಿಗೆ ಹಾಕಿದರೆ ಹೇಗೆ ಎಂದು ಕೂಡ ಯೋಚಿಸಿದೆ. ಅಷ್ಟು ಹಿತವಾಗಿತ್ತು. ಊಟ ಮುಗಿದು ಟೀ ಬರುವ ಹೊತ್ತಿಗೆ ಒಬ್ಬ ಗಂಡಸು ಬಂದು ಎದುರಿಗೆ ಕೂತ. ಕೆಳಗಿನ ಹೊಲದ ಅಮ್ಮನ ಮೈದುನ, ತೀರಿಕೊಂಡ ಗಂಡನ ತಮ್ಮ. ಬಹಳ ಸಂತೋಷದಲ್ಲಿದ್ದ. ನಮ್ಮ ಟೀಗೆ ತಾನೇ ದುಡ್ಡು ಕೊಡುತ್ತೇನೆ ಅಂದ. ಯಾಕೆ ಎಂದು ಕೇಳಿದರೆ, ಅತ್ತಿಗೆಗೆ ನೀವು ಒಳ್ಳೆಯ ಬುದ್ಧಿ ಹೇಳಿದಿರಿ ಅಂದ.

ಆಗ ವಿಷಯ ಒಂದೊಂದಾಗಿ ಹೊರಗೆ ಬಂತು. ಆ ಊರಿನಲ್ಲಿ ಕೀಳುವ ಕೆಲಸಕ್ಕೆ ಕೂಲಿಯವರು ಸಿಗುವುದಿಲ್ಲ, ಸಿಕ್ಕರೂ ಕರೆಯುವುದಿಲ್ಲ. ಹೆಂಗಸರದೇ ಮುಯ್ಯಾಳಿನ ಗುಂಪಿದೆ. ಇವತ್ತು ಎಲ್ಲರೂ ನಿನ್ನ ಹೊಲದಲ್ಲಿ, ನಾಳೆ ಎಲ್ಲರೂ ನನ್ನ ಹೊಲದಲ್ಲಿ, ಹೀಗೆ ಸರದಿ. ನಾಳೆಯ ಸರದಿ ಆ ಅಮ್ಮನದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗುಂಪಿನ ಹಿರಿಯಾಕೆ ಅಂಗಳಕ್ಕೆ ಬಂದು, ನಾಳೆ ಯಾರ ಹೊಲ ಎಂದು ಕೇಳುತ್ತಾಳೆ. ಬೇಡ ಅಂದವರ ಸರದಿ ಎಲ್ಲರಿಗಿಂತ ಹಿಂದಕ್ಕೆ ಹೋಗುತ್ತದೆ. ಬೆಳ್ಳುಳ್ಳಿ ನಾಳೆ ಕೀಳಲೋ, ಬಿಡಲೋ ಎಂದು ಅತ್ತಿಗೆ ಮೈದುನನ ನಡುವೆ ವಾರದಿಂದ ಜಗಳ. ಕೀಳಬೇಕು ಅಂತ ಅವರು, ಇನ್ನೂ ಬಲಿಯಲಿ ಅಂತ ಇವನು. ಅದಕ್ಕೇ ಅವರು ಒಂದು ಗಡ್ಡೆ ಕಿತ್ತು ಕೈಯಲ್ಲಿ ಹಿಡಿದು ಕೂತಿದ್ದದ್ದು. ಅಷ್ಟರಲ್ಲಿ ಬೆಂಗಳೂರಿನ ಮಂಡಿಯವನೇ ಬಂದು ಹಸಿ ಅಂದ, ಇನ್ನೂ ಬಲಿತಿಲ್ಲ ಅಂತ ಅವರು ತಿಳಿದರು. ಅವರು ಮೈದುನನನ್ನು ಕರೆದು, ನೀನು ಹೇಳಿದ್ದೇ ಸರಿ ಇರಬೇಕು, ನಾಳೆ ನಿನ್ನ ಕ್ಯಾರೆಟ್ ಕೀಳಿಸಿಕೋ ಅಂದರಂತೆ.

ನಾನು ಟೀ ಲೋಟ ಕೆಳಗಿಟ್ಟೆ. ಮಳೆಯ ಸಮಾಚಾರ ಏನು ಎಂದು ಟೀ ಅಂಗಡಿಯವನನ್ನು ಕೇಳಿದೆ. ಅವನು ಎದುರು ಬೆಟ್ಟದ ತಲೆಯ ಮೇಲೆ ಕಟ್ಟುತ್ತಿದ್ದ ಮೋಡ ತೋರಿಸಿ, ನಾಳೆ ಸಂಜೆ, ತಪ್ಪಿದರೆ ನಾಡಿದ್ದು, ಬೇಸಿಗೆ ಮಳೆ ಹಿಡಿದರೆ ಬಿಡುವುದಿಲ್ಲ ಎಂದ. ಬಲಿತ ಬೆಳ್ಳುಳ್ಳಿ ನೆಲದಲ್ಲಿರುವಾಗ ಮಳೆ ಹಿಡಿದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಸಿಪ್ಪೆ ಕಪ್ಪಾಗುತ್ತದೆ, ಎಸಳು ಬಾಯಿ ಬಿಡುತ್ತದೆ, ಮೊಳಕೆ ಬರುತ್ತದೆ. ಅಂಥ ಚೀಲಗಳನ್ನು ಯಾರ್ಡಿನಲ್ಲಿ ಮೂಲೆಗೆ ತಳ್ಳುತ್ತೇವೆ. ಆ ಪಟ್ಟಿಯೊಂದೇ ಅಮ್ಮನ ಬೆಳೆ, ಉಳಿದದ್ದನ್ನು ಮೈದುನನೇ ಮಾಡುತ್ತಾನೆ ಎಂದೂ ಟೀ ಅಂಗಡಿಯವನೇ ಹೇಳಿದ.

ನಾನು ಅಂದದ್ದು ನಿಜವೋ? ಆ ಗಡ್ಡೆಯ ಕತ್ತು ಹಸಿಯಾಗಿತ್ತೋ? ಕೂತು ನೆನಪು ಮಾಡಿಕೊಂಡೆ. ಹೆಬ್ಬೆರಳಿಗೆ ನೆನಪೇ ಇರಲಿಲ್ಲ. ಒತ್ತಿತ್ತು ಅಷ್ಟೇ, ನೋಡಿರಲಿಲ್ಲ.

ಶೂ ಕಟ್ಟಿಕೊಂಡು ಎದ್ದೆ. ಗೆಳೆಯ ತಡೆದ. ಅವರ ಹೊಲ, ಅವರ ಊರು, ಅವರೇ ನೋಡಿಕೊಳ್ಳುತ್ತಾರೆ, ಮತ್ತೆ ಹೋಗಿ ತಲೆ ಹಾಕಬೇಡ ಅಂದ. ಇಳಿಯುವಾಗ ಮಂಡಿಚಿಪ್ಪು ಹೋಗುತ್ತದೆ ಅಂತಲೂ ಹೆದರಿಸಿದ. ಇಳಿಯುವುದಕ್ಕೂ ಒಂದು ಕ್ರಮವಿದೆ, ಅಡ್ಡಡ್ಡ ಹೆಜ್ಜೆ ಹಾಕಬೇಕು, ಕೋಲು ಮುಂದೆ ಊರಬೇಕು. ಆ ಮಧ್ಯಾಹ್ನ ನಾನು ಎರಡನ್ನೂ ಮರೆತು ನೇರವಾಗಿ ಇಳಿದೆ. ಹೆಂಡತಿ ಹಿಂದೆಯೇ ಬಂದಳು. ಬೇಡ, ಕೂತಿರು ಅಂದದ್ದಕ್ಕೆ, "ತುಮೆ ಜರಾ ಚುಪ್ ರಹೋ ಜೀ" ಅಂದಳು. ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ ಅಂತ. ಬೆಳಿಗ್ಗೆಯೇ ಹೇಳಿದ್ದರೆ ಚೆನ್ನಾಗಿತ್ತು.

ಅಮ್ಮ ಹೊಲದಲ್ಲೇ ಇದ್ದರು. ಕಳೆ ಕೀಳುತ್ತಿದ್ದರು. ಕೀಳುವ ದಿನ ಮುಂದಕ್ಕೆ ಹೋಯಿತಲ್ಲ, ಅದಕ್ಕೆ ಕಳೆ. ಅದನ್ನು ನೋಡಿ ನನಗೆ ಇನ್ನಷ್ಟು ಕಸಿವಿಸಿಯಾಯಿತು. ಅವರನ್ನು ಕೇಳಿ ಪಟ್ಟಿಯ ಈ ತುದಿಯಲ್ಲಿ ಒಂದು, ನಡುವೆ ಒಂದು, ಆ ತುದಿಯಲ್ಲಿ ಒಂದು ಗಡ್ಡೆ ಕಿತ್ತೆ. ಈ ಸಲ ನೋಡಿದೆ. ಎಲೆ ಹಳದಿ ತಿರುಗಿ ಬಾಗಿತ್ತು. ಕತ್ತು ಬೆರಳಿಗೆ ಮೆತ್ತಗೆ ಬಗ್ಗಿತು, ಅದು ಬಲಿತದ್ದರ ಗುರುತು. ಸಿಪ್ಪೆ ಬಿಗಿಯಾಗಿ, ಒಳಗಿನ ಎಸಳುಗಳ ಗೆರೆ ಹೊರಗೆ ಕಾಣುತ್ತಿತ್ತು. ತಡೆಯ ನೆರಳು ಬೀಳುವ ಒಂದು ಸಾಲು ಮಾತ್ರ ಸ್ವಲ್ಪ ಹಸಿರು. ಉಳಿದದ್ದು ನಾಳೆಯೇ ಏಳಬೇಕು. ಹಾಗೇ ಹೇಳಿದೆ.

ಅಮ್ಮ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದರು.

"ಊಟಕ್ಕೆ ಮುಂಚೆ ಹಸಿ. ಊಟ ಆದ ಮೇಲೆ ಬಲಿತುಬಿಟ್ಟಿತೋ?"

ಕೇಳಿದ್ದು ಸರಿಯೇ. ಅಷ್ಟೇ ಅಲ್ಲ, ಈಗ ನಾನು ಕೀಳಿ ಅಂದರೆ ಅದರಲ್ಲಿ ನನಗೇನೋ ಲಾಭವಿದೆ ಎಂದು ಅವರು ಅಂದುಕೊಳ್ಳುವುದೂ ಸರಿಯೇ. ಮಂಡಿಯವನು ದಿಢೀರನೆ ಮಾತು ತಿರುಗಿಸಿದರೆ ನಾನಾದರೂ ಹಾಗೇ ಅಂದುಕೊಳ್ಳುತ್ತೇನೆ. ಯಾರ್ಡಿನ ಪದ್ಧತಿ ವಿವರಿಸಲು ಹೊರಟೆ. ಕೊಳ್ಳುವವನು ಹೀಗೆ ಅನ್ನಬೇಕು, ಮಾರುವವನು ಹಾಗೆ ಅನ್ನಬೇಕು ಎಂದು ವಿವರಿಸಿದಷ್ಟೂ ನಾನು ದೊಡ್ಡ ಕಳ್ಳನ ಹಾಗೆ ನನಗೇ ಕೇಳಿಸುತ್ತಿತ್ತು. ಆಗ ನನ್ನ ಹೆಂಡತಿ ಮುಂದೆ ಬಂದು ಅವರ ಪಕ್ಕದಲ್ಲಿ ತಡೆಯ ಮೇಲೆ ಕೂತಳು.

"ಅಮ್ಮಾ, ಇವ್ರು ನನ್ ಕೈಯಡುಗೇನೂ ಮೊದ್ಲು ಹಿಂಗೇ ಅಂತಾರೆ. ಆಮೇಲೆ ಪಾತ್ರೆ ಬಳ್ದು ತಿಂತಾರೆ. ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ ಅಷ್ಟೇ."

ಅಮ್ಮನ ಮುಖ ಸ್ವಲ್ಪ ಸಡಿಲಾಯಿತು. ಒಂದು ಗಡ್ಡೆ ಎತ್ತಿ ನನ್ನ ಕೈಗೆ ಮತ್ತೆ ಕೊಟ್ಟರು. ನೀನು ಕೊಳ್ಳುವವನಾಗಿ ಹೇಳಿದ್ದು ಕೇಳಿದೆ. ಇದೇ ಗಡ್ಡೆ ನಿನ್ನ ಅಂಗಡಿಯಲ್ಲಿದೆ, ಎದುರಿಗೆ ಗಿರಾಕಿ ಬಂದಿದ್ದಾನೆ, ಅವನಿಗೆ ಏನು ಹೇಳುತ್ತೀಯ, ಅದನ್ನು ಹೇಳು ಅಂದರು.

ಅದು ನನಗೆ ಬಹಳ ಸುಲಭದ ಕೆಲಸ. ಗಡ್ಡೆಯನ್ನು ಬೆಳಕಿಗೆ ಹಿಡಿದೆ. "ನೋಡಿ ಸಾರ್, ಬೆಟ್ಟದ ಮಾಲು. ಹಿಂಗೆ ಕಿವಿ ಹತ್ರ ಅಲ್ಲಾಡ್ಸಿ, ಒಂದು ಎಸಳು ಸದ್ದು ಮಾಡಲ್ಲ. ಒಗ್ಗರಣೆಗೆ ಎರಡು ಎಸಳು ಹಾಕಿ, ಪಕ್ಕದ್ ಬೀದಿಯವ್ರು ಬಂದು ಏನ್ ಅಡುಗೆ ಅಂತ ಕೇಳ್ಬೇಕು. ಆರು ತಿಂಗ್ಳು ನೇತಾಕಿ, ಹೆಂಗಿತ್ತೋ ಹಂಗೇ ಇರುತ್ತೆ. ಬೇರೆ ಕಡೆ ಸಿಕ್ಕಿದ್ರೆ ನನ್ ಹೆಸ್ರು ಬದ್ಲಾಯ್ಸಿ ಕರೀರಿ." ಹೇಳುತ್ತಾ ಹೋದ ಹಾಗೆ ನನಗೇ ಹುರುಪು ಬಂದು, ಹೃದಯಕ್ಕೆ ಒಳ್ಳೆಯದು, ಮಂಡಿನೋವಿಗೆ ಒಳ್ಳೆಯದು ಎಂದೂ ಸೇರಿಸಿದೆ.

ಅಮ್ಮ ಬಟ್ಟೆಯ ಅಂಚು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಕ್ಕು ಸುಸ್ತಾದ ಮೇಲೆ ನನ್ನ ಕೈಯಿಂದ ಗಡ್ಡೆ ತೆಗೆದುಕೊಂಡು, ತಾವೇ ಕತ್ತು ಬಗ್ಗಿಸಿ ನೋಡಿ, ಹಲ್ಲಿನಲ್ಲಿ ಒಂದು ಎಸಳು ಕಡಿದು ಸ್ವಲ್ಪ ಹೊತ್ತು ಅಗಿದರು.

"ಬೆಳಿಗ್ಗೆ ಹೇಳಿದ್ದು ಸುಳ್ಳು. ಈಗ ಹೇಳಿದ್ದೂ ಸುಳ್ಳು. ಆದರೆ ಈ ಸುಳ್ಳು ಈ ಗಡ್ಡೆಗೆ ಹತ್ತಿರ ಇದೆ," ಅಂದರು. "ನಾಳೆ ಕೀಳುತ್ತೇನೆ."

ಮೈದುನನಿಗೆ ಹೇಳುವುದು ಬಾಕಿ ಇತ್ತು. ಅವರು ಕಳೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ನಮ್ಮ ಜೊತೆ ಹತ್ತಿದರು. ದೀಪ ಹಚ್ಚುವ ಹೊತ್ತಿಗೆ ಹಟ್ಟಿಯ ಅಂಗಳದಲ್ಲಿ ಹೆಂಗಸರು ಸೇರಿದ್ದರು. ಹಿರಿಯಾಕೆ ನಾಳೆ ಯಾರ ಹೊಲ ಎಂದು ಕೇಳಿದಾಗ, ಮೈದುನ ಬಾಯಿ ತೆರೆಯುವ ಮುಂಚೆ ಅಮ್ಮ ನನ್ನದು ಅಂದರು. ಅವನು ನನ್ನ ಕಡೆ ನೋಡಿದ ನೋಟಕ್ಕೆ, ನಮ್ಮ ಟೀಯ ದುಡ್ಡು ನಾನೇ ಕೊಡುವುದು ಒಳ್ಳೆಯದು ಅನ್ನಿಸಿತು. ಕೊಟ್ಟೆ. ಅವನ ಕ್ಯಾರೆಟ್ ಇನ್ನೊಂದು ವಾರ ನೆಲದಲ್ಲಿದ್ದರೂ ಏನೂ ಆಗುವುದಿಲ್ಲ, ದಪ್ಪ ಆಗುತ್ತದೆ ಎಂದು ಅಮ್ಮನೇ ಅವನಿಗೆ ಸಮಾಧಾನ ಹೇಳಿದರು. ಅವನೂ ಕೆಟ್ಟವನಲ್ಲ. ಹಾಗಾದರೆ ಈ ಬೆಂಗಳೂರಿನವರೂ ನಾಳೆ ಹೊಲಕ್ಕೆ ಇಳಿಯಲಿ, ಮಾತಾಡಿದವರು ಕೈಯನ್ನೂ ಆಡಿಸಲಿ ಅಂದ. ಎಲ್ಲರೂ ನಕ್ಕರು. ನಾನು ಹೂಂ ಅಂದೆ. ಗೆಳೆಯನ ಮುಖ ನೋಡಬೇಕಿತ್ತು. ಮಾರನೆಯ ದಿನ ಶಿಖರ ಹತ್ತುವುದು ಅವನ ಕಾರ್ಯಕ್ರಮ.

"ಟ್ರೆಕ್ಕಿಂಗ್ ಅಂತ ಕರ್ಕೊಂಡ್ ಬಂದು ನಮ್ಮನ್ನ ಕೆಲ್ಸಕ್ಕೆ ಹಾಕ್ಬಿಟ್ಟಲ್ಲ ಗುರು," ಅಂದ. ಕರೆದುಕೊಂಡು ಬಂದವನು ತಾನೇ ಎಂಬುದು ಅವನಿಗೆ ಮರೆತೇ ಹೋಗಿತ್ತು.

ಮಾರನೆಯ ಬೆಳಿಗ್ಗೆ ಮಂಜು ಇನ್ನೂ ಕಣಿವೆಯಲ್ಲಿ ಮಲಗಿದ್ದಾಗ ಹೊಲಕ್ಕೆ ಇಳಿದೆವು. ಹೆಂಗಸರು ಸಾಲು ಹಿಡಿದು ಕೂತು, ಸಣ್ಣ ಗುದ್ದಲಿಯಿಂದ ಮಣ್ಣು ಸಡಿಲಿಸಿ, ಗಡ್ಡೆ ಎಳೆದು, ಒಂದಕ್ಕೊಂದು ತಟ್ಟಿ ಮಣ್ಣು ಉದುರಿಸುತ್ತಿದ್ದರು. ಬಾಯಿಗೆ ಬಿಡುವಿರಲಿಲ್ಲ, ಕೈಗೂ ಇರಲಿಲ್ಲ. ನಮಗೆ ಕೊಟ್ಟ ಕೆಲಸ ಎಲೆ ಸೇರಿಸಿ ಕಟ್ಟು ಕಟ್ಟುವುದು. ಚೀಲ ಹೊಲಿದ ನನ್ನ ಬೆರಳಿಗೆ ಗಂಟು ಹೊಸದಲ್ಲ. ಗೆಳೆಯ ಕಟ್ಟಿದ ಕಟ್ಟುಗಳನ್ನು ಹಿರಿಯಾಕೆ ಎರಡು ಸಲ ಬಿಚ್ಚಿಸಿದರು. ಮೂರನೆಯದನ್ನು ಒಪ್ಪಿಕೊಂಡಾಗ ಅವನು ಫೋಟೋ ತೆಗೆಸಿಕೊಂಡ. ಆಮೇಲೆ ಶಿಖರದ ಸುದ್ದಿ ಎತ್ತಲಿಲ್ಲ. ನೆರಳಿನ ಆ ಹಸಿರು ಸಾಲನ್ನು ಮಾತ್ರ ಅಮ್ಮ ಕೀಳಿಸಲಿಲ್ಲ. ನಾನು ನೆನಪಿಸುವ ಮುಂಚೆಯೇ ಅದನ್ನು ಹಾಗೇ ಬಿಡಿ ಅಂದಿದ್ದರು.

ನನ್ನ ಹೆಂಡತಿ ಆ ದಿನವಿಡೀ ಹೆಂಗಸರ ಸಾಲಿನಲ್ಲೇ ಇದ್ದಳು. ಅವರ ಮಾತು ಇವಳಿಗೆ ಹೇಗೆ ತಿಳಿಯಿತೋ, ಇವಳದು ಅವರಿಗೆ ಹೇಗೆ ತಿಳಿಯಿತೋ ನನಗೆ ಗೊತ್ತಿಲ್ಲ. ಆಗಾಗ ಸಾಲೆಲ್ಲ ನನ್ನ ಕಡೆ ತಿರುಗಿ ನಗುತ್ತಿತ್ತು. ಏನು ಎಂದು ಕೇಳುವುದು ಬೇಡ ಅನ್ನಿಸಿತು.

ಕಟ್ಟುಗಳನ್ನೆಲ್ಲ ತಲೆಯ ಮೇಲೆ ಹೊತ್ತು ಹಟ್ಟಿಗೆ ತಂದು, ಅಮ್ಮನ ಮನೆಯ ಸೂರಿನ ಕೆಳಗೆ ಅಡ್ಡಗಳುವಿಗೆ ನೇತುಹಾಕುತ್ತಿದ್ದಾಗ ಮೊದಲ ಹನಿ ಬಿತ್ತು. ಮೈದುನನೇ ಏಣಿಯ ಮೇಲೆ ನಿಂತು ಕೊನೆಯ ಕಟ್ಟುಗಳನ್ನು ಸಿಕ್ಕಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಎದುರಿನ ಬೆಟ್ಟ ಕಾಣಿಸದ ಹಾಗೆ ಮಳೆ ಹಿಡಿಯಿತು. ಅಂಗಳದ ಅಂಚಿನಿಂದ ನೀರು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಜಾರುತ್ತಾ ಕೆಳಗಿಳಿಯುವುದನ್ನು ನಾವೆಲ್ಲ ಜಗುಲಿಯಲ್ಲಿ ನಿಂತು ನೋಡಿದೆವು. ತಲೆಯ ಮೇಲೆ ಬೆಳ್ಳುಳ್ಳಿಯ ಘಾಟು, ಕೈಯಲ್ಲಿ ಬಿಸಿ ಟೀ. ಅಮ್ಮ ಮೇಲೆ ನೇತಾಡುತ್ತಿದ್ದ ಕಟ್ಟುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು.

ಮಾರನೆಯ ದಿನ ಹೊರಡುವಾಗ ಅಲ್ಲಿಯ ಪದ್ಧತಿಯಂತೆ ತಲೆ ಬಗ್ಗಿಸಿ ನಿಂತೆ. ಹಿರಿಯರು ಕಿರಿಯರ ತಲೆ ಮುಟ್ಟಿ ಹರಸುತ್ತಾರೆ, ನಮ್ಮ ಮನೆಗಳಲ್ಲೂ ಹಾಗೇ. ಅಮ್ಮ ನನ್ನ ನೆತ್ತಿಯ ಮೇಲೆ ಕೈಯಿಟ್ಟು ಏನೋ ಹೇಳಿದರು, ಪೂರ್ತಿ ತಿಳಿಯಲಿಲ್ಲ. ಬೆಳ್ಳುಳ್ಳಿಯನ್ನು ಅವರು ನನಗೆ ಮಾರಲಿಲ್ಲ, ನಾನೂ ಕೇಳಲಿಲ್ಲ. ಅದು ಮೇಟ್ಟುಪಾಳ್ಯದ ಮಂಡಿಗೆ ಹೋಗುವ ಮಾಲು, ಅಲ್ಲಿ ಅದಕ್ಕೆ ಬೇರೊಬ್ಬ ಹಸಿ ಅನ್ನುತ್ತಾನೆ, ಅಮ್ಮನಿಗೆ ಈಗ ಅದರ ಉತ್ತರ ಗೊತ್ತು. ನಮಗೆಂದು ಒಂದು ಕಟ್ಟನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು.

ಈಗ ಮೂರನೆಯ ಮಾತು. ಬೆಟ್ಟದಲ್ಲಿ ನಡೆಯುವಾಗ ಯಾರಾದರೂ ತಮ್ಮ ಬೆಳೆ ತೋರಿಸಿ ಹೇಗಿದೆ ಎಂದು ಕೇಳಿದರೆ, ಬಾಯಿ ತೆರೆಯುವ ಮುಂಚೆ ವಾಪಸ್ ಒಂದು ಪ್ರಶ್ನೆ ಕೇಳಿ. ಮಾರುವುದಕ್ಕೆ ಕೇಳುತ್ತಿದ್ದೀರೋ, ಕೀಳುವುದಕ್ಕೆ ಕೇಳುತ್ತಿದ್ದೀರೋ? ಯಾರ್ಡಿನಲ್ಲಿ ನಾನು ಈಗಲೂ ಹಸಿ ಮಾಲು ಅನ್ನುತ್ತೇನೆ, ಅನ್ನದಿದ್ದರೆ ರೈತರೇ ಅನುಮಾನ ಪಡುತ್ತಾರೆ. ಆದರೆ ಚಿಕ್ಕಬಾಣಾವರದ ಕಡೆಯ ಒಬ್ಬ ಮೊನ್ನೆ ತನ್ನ ಹೊಲದಿಂದ ಒಂದೇ ಒಂದು ಈರುಳ್ಳಿ ಹಿಡಿದುಕೊಂಡು ಬಂದಾಗ, ಗಲ್ಲಾದಿಂದ ಎದ್ದು ಹೊರಗೆ ಹೋಗಿ, ಬೆಳಕಿನಲ್ಲಿ ನೋಡಿ ಹೇಳಿದೆ.

ಆ ಕಟ್ಟು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನೇತಾಡುತ್ತಿದೆ. ಊರಿಗೆ ಬಂದ ಮೊದಲ ಶುಕ್ರವಾರ ಹೆಂಡತಿ ಅದರಿಂದ ನಾಲ್ಕು ಎಸಳು ಜಜ್ಜಿ ದಾಲ್‌ಗೆ ಒಗ್ಗರಣೆ ಹಾಕಿದಳು. ತಟ್ಟೆಗೆ ಬಡಿಸಿ, ಸೌಟು ಕೈಯಲ್ಲೇ ಹಿಡಿದು ಎದುರಿಗೆ ನಿಂತಳು. ನಾನು ತುತ್ತು ನುಂಗಿದೆ.

"ಚೆನ್ನಾಗಿದೆ," ಅಂದೆ.

ಅವಳು "ಕೊಳ್ಳೋವ್ರಾಗಿ ಹೇಳ್ತಿದ್ದೀರೋ, ಮಾರೋವ್ರಾಗಿ ಹೇಳ್ತಿದ್ದೀರೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇನ್ನೊಂದು ಸೌಟು ಹಾಕಿದಳು.